ರಾಸ್ಪ್‌ಬೆರಿ ಪೈ ಆಧಾರಿತ ಗೃಹ ಮಾಧ್ಯಮ ಕೇಂದ್ರ

ರಾಸ್ಪ್‌ಬೆರಿ ಪೈ ಆಧಾರಿತ ಗೃಹ ಮಾಧ್ಯಮ ಕೇಂದ್ರವು ಅಂಗೈಯಗಲದ ಏಕಫಲಕ ಗಣಕವೊಂದನ್ನು ಟಿವಿಗೆ ಜೋಡಿಸಿ, ಮನೆಯಲ್ಲಿ ಸಂಗ್ರಹಿಸಿಟ್ಟ ಚಲನಚಿತ್ರ, ಸಂಗೀತ, ಛಾಯಾಚಿತ್ರ ಮತ್ತು ಕುಟುಂಬದ ದೃಶ್ಯಮುದ್ರಣಗಳನ್ನು ರಿಮೋಟ್ ಮೂಲಕ ಆರಿಸಿ ನೋಡಲು ಅನುವು ಮಾಡಿಕೊಡುವ ವ್ಯವಸ್ಥೆಯಾಗಿದೆ. ಇದರಲ್ಲಿ ಸಾಮಾನ್ಯವಾಗಿ ಕೋಡಿ ಎಂಬ ಮುಕ್ತ ತಂತ್ರಾಂಶವನ್ನು ಬಳಸಲಾಗುತ್ತದೆ. ಕೋಡಿಯನ್ನು ನಡೆಸಲೆಂದೇ ರೂಪಿಸಿದ ಲಿಬ್ರೆಇಲೆಕ್, ಓಎಸ್‌ಎಂಸಿ ಮೊದಲಾದ ಲಿನಕ್ಸ್ ವಿತರಣೆಗಳು ಇದಕ್ಕೆ ಕಾರ್ಯಾಚರಣಾ ವ್ಯವಸ್ಥೆಯಾಗಿ ಒದಗುತ್ತವೆ.

ಚಂದಾ ಆಧಾರಿತ ಪ್ರಸಾರ ಸೇವೆಗಳಿಗಿಂತ ಈ ವ್ಯವಸ್ಥೆ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿದೆ. ಇಲ್ಲಿ ಕಡತಗಳು ಬಳಕೆದಾರರ ಬಳಿಯಲ್ಲೇ ಇರುತ್ತವೆ. ಅಂತರಜಾಲ ಸಂಪರ್ಕ ಕಡಿದುಹೋದರೂ ಅವು ನೋಡಲು ಸಿಗುತ್ತವೆ. ಸೇವಾ ಸಂಸ್ಥೆಯೊಂದರ ಪರವಾನಗಿ ಮುಗಿದ ಕಾರಣಕ್ಕೆ ಮಾಯವಾಗುವುದಿಲ್ಲ. ಆದರೆ ಆ ಕಡತಗಳನ್ನು ಕಾಪಾಡುವ, ಅವುಗಳ ಪ್ರತಿ ತೆಗೆದಿಡುವ ಹೊಣೆಯೂ ಬಳಕೆದಾರರದ್ದೇ ಆಗುತ್ತದೆ.

ಇತಿಹಾಸ

ಕೋಡಿಯ ಮೂಲ 2002ರಲ್ಲಿ ಆರಂಭವಾದ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಎಂಬ ಹವ್ಯಾಸಿ ಯೋಜನೆಯಲ್ಲಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಆಟದ ಯಂತ್ರವನ್ನು ಮಾರ್ಪಡಿಸಿ, ಅದರಲ್ಲಿ ಚಲನಚಿತ್ರಗಳನ್ನು ನೋಡುವುದು ಅದರ ಉದ್ದೇಶವಾಗಿತ್ತು. ಮುಂದೆ ಇದು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂದಾಗಿ, ಎಕ್ಸ್‌ಬಿಎಂಸಿ ಎಂಬ ಹ್ರಸ್ವನಾಮದಿಂದ ಪರಿಚಿತವಾಯಿತು. ಇದರ ಮೊದಲ ಸ್ಥಿರ ಆವೃತ್ತಿ 2004ರಲ್ಲಿ ಹೊರಬಂದಿತು. ತಂತ್ರಾಂಶವು ಲಿನಕ್ಸ್, ವಿಂಡೋಸ್, ಮ್ಯಾಕ್ ಮುಂತಾದ ವೇದಿಕೆಗಳಿಗೆ ಹರಡಿದ ಮೇಲೆ ಹಳೆಯ ಹೆಸರಿಗೆ ಅರ್ಥವಿಲ್ಲದಂತಾಯಿತು. ಹೀಗಾಗಿ 2014ರಲ್ಲಿ ಬಿಡುಗಡೆಯಾದ 14ನೆಯ ಆವೃತ್ತಿಯಿಂದ ಅದಕ್ಕೆ ಕೋಡಿ ಎಂಬ ಹೆಸರು ಬಂದಿತು. ಈಗ ಇದನ್ನು ಎಕ್ಸ್‌ಬಿಎಂಸಿ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದ್ದು, ತಂತ್ರಾಂಶವು ಗ್ನೂ ಸಾರ್ವಜನಿಕ ಪರವಾನಗಿಯಡಿ ಲಭ್ಯವಿದೆ.

ರಾಸ್ಪ್‌ಬೆರಿ ಪೈ 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದಿತು. ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಫೌಂಡೇಶನ್ ವಿದ್ಯಾರ್ಥಿಗಳಿಗೆ ಗಣಕ ವಿಜ್ಞಾನವನ್ನು ಕಲಿಸುವ ಗುರಿಯಿಂದ 35 ಡಾಲರ್ ಬೆಲೆಯ ಈ ಫಲಕವನ್ನು ರೂಪಿಸಿತ್ತು. ಅದರ 700 ಮೆಗಾಹರ್ಟ್ಸ್ ಸಂಸ್ಕಾರಕ ಅಂದಿನ ಮಾನದಂಡದಲ್ಲೂ ದುರ್ಬಲವಾಗಿತ್ತು. ಆದರೆ ಅದೇ ಚಿಪ್ಪಿನಲ್ಲಿದ್ದ ವಿಡಿಯೋಕೋರ್ ಎಂಬ ಚಿತ್ರಸಂಸ್ಕರಣಾ ಭಾಗವು ಎಚ್.264 ವಿಧಾನದಲ್ಲಿ ಸಂಕುಚಿತಗೊಳಿಸಿದ ಪೂರ್ಣ ಎಚ್‌ಡಿ ದೃಶ್ಯವನ್ನು ಸಂಸ್ಕಾರಕದ ನೆರವಿಲ್ಲದೆಯೇ ಬಿಡಿಸಬಲ್ಲುದಾಗಿತ್ತು. ಈ ಕಾರಣದಿಂದ ಕಲಿಕೆಗೆಂದು ಹುಟ್ಟಿದ ಫಲಕ ಬಹುಬೇಗ ಮಾಧ್ಯಮ ಕೇಂದ್ರವಾಗಿಯೂ ಜನಪ್ರಿಯವಾಯಿತು. ರಾಸ್ಪ್‌ಬಿಎಂಸಿ ಮತ್ತು ಓಪನ್‌ಇಲೆಕ್ ಆರಂಭದ ವರ್ಷಗಳ ಮುಖ್ಯ ವಿತರಣೆಗಳು. ಮೊದಲನೆಯದರ ಉತ್ತರಾಧಿಕಾರಿಯಾಗಿ ಓಎಸ್‌ಎಂಸಿ ಬಂದಿತು. ಎರಡನೆಯದರಿಂದ 2016ರಲ್ಲಿ ಕವಲೊಡೆದು ಲಿಬ್ರೆಇಲೆಕ್ ರೂಪುಗೊಂಡಿತು.

ಫಲಕದ ಆಯ್ಕೆ

ಮಾಧ್ಯಮ ಕೇಂದ್ರಕ್ಕೆ ಫಲಕವನ್ನು ಆರಿಸುವಾಗ ಸಂಸ್ಕಾರಕದ ವೇಗಕ್ಕಿಂತ, ಸಂಗ್ರಹದಲ್ಲಿರುವ ಕಡತಗಳು ಯಾವ ಕೋಡೆಕ್‌ನಲ್ಲಿವೆ ಎಂಬುದು ಹೆಚ್ಚು ಮುಖ್ಯವಾಗುತ್ತದೆ. ದೃಶ್ಯವನ್ನು ಸಂಕುಚಿತಗೊಳಿಸುವ ಮತ್ತು ಮರಳಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಬಿಡಿಸುವ ಕೆಲಸವನ್ನು ಚಿಪ್ಪಿನಲ್ಲಿರುವ ಪ್ರತ್ಯೇಕ ಭಾಗವು ಮಾಡಿದರೆ ಅದನ್ನು ಯಂತ್ರಾಂಶ ಡಿಕೋಡಿಂಗ್ ಎಂದೂ, ಸಂಸ್ಕಾರಕವೇ ಮಾಡಿದರೆ ತಂತ್ರಾಂಶ ಡಿಕೋಡಿಂಗ್ ಎಂದೂ ಕರೆಯಲಾಗುತ್ತದೆ. ಮೊದಲನೆಯದರಲ್ಲಿ ಫಲಕ ತಣ್ಣಗಿರುತ್ತದೆ. ಎರಡನೆಯದರಲ್ಲಿ ಕೆಲಸದ ಭಾರ ಮಿತಿ ಮೀರಿದಾಗ ಚಿತ್ರ ತಡವರಿಸುತ್ತದೆ.

• ಪೈ 1, 2 ಮತ್ತು 3: ಎಚ್.264 ಪೂರ್ಣ ಎಚ್‌ಡಿ ದೃಶ್ಯಗಳಿಗೆ ಯಂತ್ರಾಂಶ ಬೆಂಬಲವಿದೆ. ಡಿವಿಡಿಗಳಲ್ಲಿ ಬಳಕೆಯಾಗುವ ಎಂಪೆಗ್-2 ವಿಧಾನಕ್ಕೆ ಯಂತ್ರಾಂಶ ಬೆಂಬಲ ಪಡೆಯಲು ಪ್ರತ್ಯೇಕ ಪರವಾನಗಿ ಕೀಲಿಯನ್ನು ಕೊಳ್ಳಬೇಕಾಗಿತ್ತು. 4ಕೆ ಪ್ರದರ್ಶನಕ್ಕೆ ಇವು ತಕ್ಕವಲ್ಲ.

• ಪೈ 4: 2019ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಎಚ್.264 ಪೂರ್ಣ ಎಚ್‌ಡಿ ಹಾಗೂ ಎಚ್‌ಇವಿಸಿ 4ಕೆ ದೃಶ್ಯಗಳೆರಡಕ್ಕೂ ಯಂತ್ರಾಂಶ ಬೆಂಬಲವಿದೆ. ಎಂಪೆಗ್-2 ದೃಶ್ಯವನ್ನು ಸಂಸ್ಕಾರಕವೇ ಸುಲಭವಾಗಿ ಬಿಡಿಸುತ್ತದೆ.

• ಪೈ 5: 2023ರಲ್ಲಿ ಬಂದ ಇದರಲ್ಲಿ 2.4 ಗಿಗಾಹರ್ಟ್ಸ್ ವೇಗದ ನಾಲ್ಕು ತಿರುಳಿನ ಸಂಸ್ಕಾರಕವಿದೆ. ಯಂತ್ರಾಂಶ ಡಿಕೋಡಿಂಗ್ ಎಚ್‌ಇವಿಸಿಗೆ ಮಾತ್ರ ಉಳಿದಿದ್ದು, ಎಚ್.264 ಕಡತಗಳನ್ನು ಸಂಸ್ಕಾರಕ ಬಿಡಿಸುತ್ತದೆ. ಪೂರ್ಣ ಎಚ್‌ಡಿ ಮಟ್ಟದಲ್ಲಿ ಇದರಿಂದ ತೊಂದರೆಯಾಗುವುದಿಲ್ಲ. 3.5 ಮಿಲಿಮೀಟರ್ ಧ್ವನಿ ಕಿಂಡಿಯನ್ನು ಕೈಬಿಡಲಾಗಿದೆ. ವಿದ್ಯುತ್ ಗುಂಡಿಯನ್ನು ಸೇರಿಸಲಾಗಿದೆ.

ವಿಪಿ9 ಮತ್ತು ಎವಿ1 ಕೋಡೆಕ್‌ಗಳಿಗೆ ಪೈ 4 ಮತ್ತು 5ರಲ್ಲೂ ಯಂತ್ರಾಂಶ ಬೆಂಬಲವಿಲ್ಲ. ಲಿಬ್ರೆಇಲೆಕ್‌ನ ಹೊಸ ಆವೃತ್ತಿಗಳು ಮೊದಲ ಪೀಳಿಗೆಯ ಫಲಕಗಳಿಗೆ ಲಭ್ಯವಿಲ್ಲ. ಮಾಧ್ಯಮ ಕೇಂದ್ರವಾಗಿ ಮಾತ್ರ ಬಳಸುವುದಾದರೆ 2 ಜಿಬಿ ಸ್ಮೃತಿ ಇರುವ ಪೈ 4 ಸಾಕಾಗುತ್ತದೆ.

ವಿದ್ಯುತ್ ಮತ್ತು ಉಷ್ಣತೆ

ಇಂತಹ ವ್ಯವಸ್ಥೆಗಳಲ್ಲಿ ಕಾಣುವ ಹಲವು ದೋಷಗಳ ಮೂಲ ವಿದ್ಯುತ್ ಪೂರೈಕೆಯಲ್ಲಿರುತ್ತದೆ. ಪೈ 3ಕ್ಕೆ 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್ ಮತ್ತು ಪೈ 5ಕ್ಕೆ 5 ಆಂಪಿಯರ್ ಒದಗಿಸುವ ಅಡಾಪ್ಟರ್ ಶಿಫಾರಸಾಗಿದೆ. ಸಾಮಾನ್ಯ ಮೊಬೈಲ್ ಚಾರ್ಜರ್ ಅಥವಾ ತೆಳುವಾದ ಕೇಬಲ್ ಬಳಸಿದಾಗ ಫಲಕಕ್ಕೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ಅದು ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಫಲಕ ಅದನ್ನು ಗುರುತಿಸಿ ಎಚ್ಚರಿಕೆ ನೀಡುತ್ತದೆ. ಪರದೆಯ ಮೂಲೆಯಲ್ಲಿ ಕಾಣುವ ಮಿಂಚಿನ ಚಿಹ್ನೆ ಇದರ ಸೂಚನೆ.

ಯುಎಸ್‌ಬಿ ಕಿಂಡಿಗಳಿಂದ ಸಿಗುವ ವಿದ್ಯುತ್ತೂ ಸೀಮಿತ. ಪೈ 4ರ ನಾಲ್ಕೂ ಕಿಂಡಿಗಳು ಸೇರಿ 1.2 ಆಂಪಿಯರ್ ಮಾತ್ರ ನೀಡುತ್ತವೆ. ಎರಡು ಹಾರ್ಡ್ ಡಿಸ್ಕ್‌ಗಳನ್ನು ನೇರವಾಗಿ ಜೋಡಿಸಿದರೆ ಅವು ಸದ್ದು ಮಾಡುತ್ತ ಮತ್ತೆ ಮತ್ತೆ ನಿಂತು ಹೊರಡುವುದುಂಟು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸುವುದು ಇದಕ್ಕೆ ಪರಿಹಾರ.

ಒಟ್ಟು ವಿದ್ಯುತ್ ಬಳಕೆ ಅಲ್ಪ. ಸರಾಸರಿ 5 ವ್ಯಾಟ್ ಬಳಸುವ ಫಲಕವು ದಿನದ 24 ಗಂಟೆಯೂ ಚಾಲನೆಯಲ್ಲಿದ್ದರೆ 30 ದಿನಗಳಿಗೆ 3.6 ಯೂನಿಟ್ ಖರ್ಚಾಗುತ್ತದೆ. ಚಿಪ್ಪಿನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫಲಕವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನಂತೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ, ಗಾಳಿಯಾಡದ ಟಿವಿ ಕಪಾಟಿನೊಳಗೆ ಫಲಕವನ್ನಿಟ್ಟರೆ ಈ ಮಿತಿ ಬೇಗ ಎದುರಾಗುತ್ತದೆ. ಶಾಖಹೀರಕವಾಗಿಯೂ ಕೆಲಸ ಮಾಡುವ ಅಲ್ಯೂಮಿನಿಯಂ ಪೆಟ್ಟಿಗೆ ಪೈ 4ಕ್ಕೆ ಸಾಮಾನ್ಯವಾಗಿ ಸಾಕು. ಪೈ 5ಕ್ಕೆ ಸಣ್ಣ ಫ್ಯಾನ್ ಇರುವುದು ಒಳ್ಳೆಯದು.

ಸಂಗ್ರಹಣೆ

ಕಾರ್ಯಾಚರಣಾ ವ್ಯವಸ್ಥೆಯನ್ನು ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ, ಮಾಧ್ಯಮ ಕಡತಗಳನ್ನು ಬೇರೆ ಡಿಸ್ಕ್‌ನಲ್ಲಿ ಇಡುವುದು ರೂಢಿ. ಲಿಬ್ರೆಇಲೆಕ್‌ಗೆ 8 ಜಿಬಿ ಕಾರ್ಡ್ ಸಾಲುತ್ತದೆಯಾದರೂ ಪೋಸ್ಟರ್ ಮತ್ತು ಚಿತ್ರಗಳ ದಾಸ್ತಾನು ಬೆಳೆಯುವುದರಿಂದ 16 ಅಥವಾ 32 ಜಿಬಿ ಕಾರ್ಡ್ ಅನುಕೂಲಕರ.

ಬೇಕಾಗುವ ಜಾಗವನ್ನು ದತ್ತಾಂಶ ದರದಿಂದ ಲೆಕ್ಕ ಹಾಕಬಹುದು. ಸೆಕೆಂಡಿಗೆ 8 ಮೆಗಾಬಿಟ್ ದರದ, ಎರಡೂವರೆ ಗಂಟೆಯ ಚಲನಚಿತ್ರವೊಂದಕ್ಕೆ 9,000 ಸೆಕೆಂಡುಗಳಲ್ಲಿ 72,000 ಮೆಗಾಬಿಟ್, ಅಂದರೆ 9 ಜಿಬಿ ಬೇಕು. ಈ ಲೆಕ್ಕದಲ್ಲಿ 1 ಟಿಬಿ ಡಿಸ್ಕ್ ಸುಮಾರು 110 ಚಿತ್ರಗಳನ್ನು ಹಿಡಿಸುತ್ತದೆ. ಫ್ಯಾಟ್32 ವಿನ್ಯಾಸದ ಡಿಸ್ಕ್‌ನಲ್ಲಿ 4 ಜಿಬಿಗಿಂತ ದೊಡ್ಡ ಕಡತವನ್ನು ಇಡಲು ಆಗುವುದಿಲ್ಲ. ಆದ್ದರಿಂದ ವಿಂಡೋಸ್ ಗಣಕದಲ್ಲೂ ಬಳಸುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವಿನ್ಯಾಸವನ್ನೂ, ಪೈಗೆ ಮಾತ್ರ ಮೀಸಲಾದ ಡಿಸ್ಕ್‌ಗೆ ಲಿನಕ್ಸ್‌ನ ಎಕ್ಸ್‌ಟಿ4 ವಿನ್ಯಾಸವನ್ನೂ ಆರಿಸಲಾಗುತ್ತದೆ.

ಮನೆಯ ಇನ್ನೊಂದು ಗಣಕದಲ್ಲಿರುವ ಕಡತಗಳನ್ನು ಸಾಂಬಾ ಅಥವಾ ಎನ್‌ಎಫ್‌ಎಸ್ ಜಾಲ ಹಂಚಿಕೆಯ ಮೂಲಕವೂ ನೋಡಬಹುದು. ಪೈ 4 ಮತ್ತು ನಂತರದ ಫಲಕಗಳಲ್ಲಿ ಗಿಗಾಬಿಟ್ ಈಥರ್‌ನೆಟ್ ಕಿಂಡಿಯಿದೆ. ದೊಡ್ಡ 4ಕೆ ಕಡತಗಳಿಗೆ ವೈ-ಫೈಗಿಂತ ತಂತಿ ಸಂಪರ್ಕವೇ ವಿಶ್ವಾಸಾರ್ಹ.

ಅನುಸ್ಥಾಪನೆ

ಲಿಬ್ರೆಇಲೆಕ್ ಅನುಸ್ಥಾಪನೆ ಈ ಕ್ರಮದಲ್ಲಿ ನಡೆಯುತ್ತದೆ.

1. ಬೇರೊಂದು ಗಣಕದಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಅಥವಾ ಲಿಬ್ರೆಇಲೆಕ್‌ನ ಸ್ವಂತ ಕಾರ್ಡ್ ತಯಾರಕ ತಂತ್ರಾಂಶವನ್ನು ಅಳವಡಿಸಲಾಗುತ್ತದೆ.

2. ಫಲಕದ ಮಾದರಿಗೆ ಹೊಂದುವ ಆವೃತ್ತಿಯನ್ನು ಆರಿಸಿ ಎಸ್‌ಡಿ ಕಾರ್ಡಿಗೆ ಬರೆಯಲಾಗುತ್ತದೆ. ಇದರಿಂದ ಕಾರ್ಡಿನಲ್ಲಿ ಮೊದಲಿದ್ದ ಎಲ್ಲವೂ ಅಳಿಸಿಹೋಗುತ್ತದೆ. ಗಣಕಕ್ಕೆ ಬೇರೆ ಯುಎಸ್‌ಬಿ ಡಿಸ್ಕ್‌ಗಳು ಜೋಡಿಸಿದ್ದರೆ ಅವುಗಳನ್ನು ಮುಂಚೆಯೇ ಕಳಚುವುದು ಸುರಕ್ಷಿತ.

3. ಕಾರ್ಡನ್ನು ಫಲಕಕ್ಕೆ ಹಾಕಿ, ಎಚ್‌ಡಿಎಂಐ ಕೇಬಲ್ ಜೋಡಿಸಿ, ಕೊನೆಯಲ್ಲಿ ವಿದ್ಯುತ್ ನೀಡಲಾಗುತ್ತದೆ. ಪೈ 4ರಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ಕಿಂಡಿಗಳಿದ್ದು, ವಿದ್ಯುತ್ ಕಿಂಡಿಗೆ ಹತ್ತಿರವಿರುವುದು ಮೊದಲನೆಯದು. ಅದನ್ನೇ ಬಳಸಬೇಕು.

4. ಮೊದಲ ಚಾಲನೆಯಲ್ಲಿ ವ್ಯವಸ್ಥೆಯು ಕಾರ್ಡಿನ ಉಳಿದ ಜಾಗವನ್ನು ದತ್ತಾಂಶ ವಿಭಾಗಕ್ಕೆ ಸೇರಿಸಿಕೊಂಡು ತಾನಾಗಿ ಮರುಚಾಲನೆಗೊಳ್ಳುತ್ತದೆ.

5. ಬಳಿಕ ಯಂತ್ರದ ಹೆಸರು, ವೈ-ಫೈ ಮತ್ತು ದೂರಪ್ರವೇಶ ಸೇವೆಗಳ ಕುರಿತು ಕೇಳಲಾಗುತ್ತದೆ. ಎಸ್‌ಎಸ್‌ಎಚ್ ಸೇವೆಯನ್ನು ಸಕ್ರಿಯಗೊಳಿಸುವುದಾದರೆ ಗುಪ್ತಪದವನ್ನು ಆಗಲೇ ಬದಲಿಸಬೇಕು; ಮೂಲ ಗುಪ್ತಪದ ಎಲ್ಲರಿಗೂ ತಿಳಿದಿರುವಂಥದ್ದು.

ಲಿಬ್ರೆಇಲೆಕ್‌ನಲ್ಲಿ ಮೂಲ ವ್ಯವಸ್ಥೆಯು ಓದಲು ಮಾತ್ರ ಸಾಧ್ಯವಿರುವ ಒಂದೇ ಸಂಕುಚಿತ ಕಡತದ ರೂಪದಲ್ಲಿರುತ್ತದೆ. ಬಳಕೆದಾರರ ಸಂಯೋಜನೆಗಳು ಮತ್ತೊಂದು ವಿಭಾಗದಲ್ಲಿ ಉಳಿಯುತ್ತವೆ. ಇದರಿಂದ ವ್ಯವಸ್ಥೆ ಸುಲಭವಾಗಿ ಕೆಡುವುದಿಲ್ಲ. ಓಎಸ್‌ಎಂಸಿ ಡೆಬಿಯನ್ ಆಧಾರಿತವಾಗಿದ್ದು, ಅದರಲ್ಲಿ ಇತರ ಲಿನಕ್ಸ್ ತಂತ್ರಾಂಶಗಳನ್ನೂ ಅಳವಡಿಸಬಹುದು. ಒಂದೇ ಫಲಕದಲ್ಲಿ ಬೇರೆ ಕೆಲಸಗಳೂ ನಡೆಯಬೇಕೆನ್ನುವವರಿಗೆ ಅದು ಹೆಚ್ಚು ಸೂಕ್ತ.

ಗ್ರಂಥಾಲಯದ ವ್ಯವಸ್ಥೆ

ಕಡತಗಳಿರುವ ಕಡತಕೋಶವನ್ನು ತೋರಿಸಿ ಅದರಲ್ಲಿರುವುದು ಚಲನಚಿತ್ರವೋ ಧಾರಾವಾಹಿಯೋ ಎಂದು ತಿಳಿಸಿದರೆ, ಕೋಡಿಯು ಕಡತದ ಹೆಸರನ್ನು ಓದಿ ದಿ ಮೂವಿ ಡೇಟಾಬೇಸ್‌ನಂತಹ ಅಂತರಜಾಲ ದತ್ತಸಂಚಯದಿಂದ ಪೋಸ್ಟರ್, ಕಥಾಸಾರ ಮತ್ತು ಕಲಾವಿದರ ಹೆಸರುಗಳನ್ನು ತರುತ್ತದೆ. ಹೀಗೆ ಮಾಹಿತಿ ತರುವ ಭಾಗಕ್ಕೆ ಸ್ಕ್ರೇಪರ್ ಎಂದು ಹೆಸರು.

ಇದು ಸರಿಯಾಗಿ ನಡೆಯಲು ಕಡತದ ಹೆಸರು ಕ್ರಮಬದ್ಧವಾಗಿರಬೇಕು. ಚಲನಚಿತ್ರಕ್ಕೆ ಹೆಸರಿನ ಮುಂದೆ ಆವರಣದಲ್ಲಿ ವರ್ಷವನ್ನು ಬರೆಯಲಾಗುತ್ತದೆ. ನಾಗರಹಾವು ಎಂಬ ಹೆಸರಿನಲ್ಲಿ 1972ರಲ್ಲೂ 2016ರಲ್ಲೂ ಕನ್ನಡ ಚಿತ್ರಗಳು ಬಂದಿವೆ; ವರ್ಷವಿಲ್ಲದಿದ್ದರೆ ಒಂದರ ಬದಲಿಗೆ ಇನ್ನೊಂದರ ವಿವರ ಬರಬಹುದು. ಧಾರಾವಾಹಿಗಳ ಕಂತುಗಳಿಗೆ ಸರಣಿ ಮತ್ತು ಕಂತಿನ ಸಂಖ್ಯೆಯನ್ನು ಎಸ್01ಇ05 ಎಂಬ ಮಾದರಿಯಲ್ಲಿ ಸೂಚಿಸಬೇಕು.

ಕನ್ನಡ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ರೋಮನ್ ಲಿಪಿಯಲ್ಲಿ ಅವುಗಳ ಕಾಗುಣಿತಕ್ಕೆ ಏಕರೂಪವಿಲ್ಲ. ದೀರ್ಘಸ್ವರಗಳನ್ನು ಕೆಲವರು ಒಂದಕ್ಷರದಿಂದ, ಕೆಲವರು ಎರಡಕ್ಷರಗಳಿಂದ ಬರೆಯುತ್ತಾರೆ. ಕಡತದ ಕಾಗುಣಿತ ದತ್ತಸಂಚಯದ ಕಾಗುಣಿತಕ್ಕೆ ಹೊಂದದಿದ್ದರೆ ಚಿತ್ರ ಗ್ರಂಥಾಲಯದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆಗ ದತ್ತಸಂಚಯದಲ್ಲಿರುವಂತೆ ಹೆಸರನ್ನು ತಿದ್ದಬೇಕು. ಇಲ್ಲವೇ ಆ ಚಿತ್ರದ ಪುಟದ ವಿಳಾಸವನ್ನು ಎನ್‌ಎಫ್‌ಒ ಎಂಬ ಸರಳ ಪಠ್ಯ ಕಡತದಲ್ಲಿ ಬರೆದು ಚಿತ್ರದ ಜೊತೆಗಿಡಬೇಕು.

ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವದಂತಹ ಖಾಸಗಿ ದೃಶ್ಯಮುದ್ರಣಗಳು ಯಾವ ದತ್ತಸಂಚಯದಲ್ಲೂ ಇರುವುದಿಲ್ಲ. ಅವುಗಳನ್ನು ಪ್ರತ್ಯೇಕ ಕಡತಕೋಶದಲ್ಲಿಟ್ಟು, ಆ ಕೋಶಕ್ಕೆ ಸ್ಕ್ರೇಪರ್ ನೇಮಿಸದೆ, ಕಡತಗಳ ಪಟ್ಟಿಯಾಗಿಯೇ ನೋಡಬಹುದು. ಹಳೆಯ ವಿಎಚ್‌ಎಸ್ ಟೇಪುಗಳಿಂದ ಅಂಕೀಕರಿಸಿದ ಇಂತಹ ಕಡತಗಳಿಗೆ ಬದಲಿ ಪ್ರತಿ ಎಲ್ಲಿಯೂ ಸಿಗುವುದಿಲ್ಲ. ಚಲನಚಿತ್ರ ಕಳೆದುಹೋದರೆ ಮತ್ತೆ ಕೊಳ್ಳಬಹುದು. ಇವು ಕಳೆದುಹೋದರೆ ಕಳೆದಂತೆಯೇ. ಆದ್ದರಿಂದ ಇವುಗಳ ಇನ್ನೊಂದು ಪ್ರತಿಯನ್ನು ಪೈಗೆ ಜೋಡಿಸದ ಬೇರೊಂದು ಡಿಸ್ಕ್‌ನಲ್ಲಿ ಇಡುವುದು ಅಗತ್ಯ.

ಕನ್ನಡ ಅಡಿಬರಹಗಳು

ಅಡಿಬರಹದ ಕಡತಕ್ಕೆ ಚಿತ್ರದ ಕಡತದ ಹೆಸರನ್ನೇ ಇಟ್ಟು ಅದೇ ಕೋಶದಲ್ಲಿಟ್ಟರೆ ಕೋಡಿ ಅದನ್ನು ತಾನಾಗಿ ಗುರುತಿಸುತ್ತದೆ. ಎಸ್‌ಆರ್‌ಟಿ ಇದರ ಪ್ರಚಲಿತ ರೂಪ. ಕನ್ನಡ ಅಡಿಬರಹಗಳು ಯೂನಿಕೋಡ್‌ನ ಯುಟಿಎಫ್-8 ಸಂಕೇತನದಲ್ಲಿರಬೇಕು. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪಠ್ಯವು ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಮೂಡುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಆಯ್ದ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಅಕ್ಷರಶೈಲಿಯನ್ನು ಕೋಡಿಯ ಅಕ್ಷರಶೈಲಿ ಕೋಶಕ್ಕೆ ಸೇರಿಸಿ, ಅಡಿಬರಹದ ಆಯ್ಕೆಗಳಲ್ಲಿ ಅದನ್ನು ಆರಿಸಬೇಕು.

ನಿಯಂತ್ರಣ, ಚಿತ್ರ ಮತ್ತು ಧ್ವನಿ

ಪೈ ಫಲಕದಲ್ಲಿ ಅವಗೆಂಪು ಗ್ರಾಹಕವಿಲ್ಲ. ಆದರೂ ಟಿವಿಯ ರಿಮೋಟ್‌ನಿಂದಲೇ ಅದನ್ನು ನಿಯಂತ್ರಿಸಬಹುದು. ಎಚ್‌ಡಿಎಂಐ ಕೇಬಲ್‌ನ ಮೂಲಕ ಉಪಕರಣಗಳು ಪರಸ್ಪರ ಆದೇಶ ಕಳುಹಿಸುವ ಸಿಇಸಿ ಎಂಬ ಸೌಲಭ್ಯ ಇದನ್ನು ಸಾಧ್ಯವಾಗಿಸುತ್ತದೆ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಇದಕ್ಕೆ ಎನಿನೆಟ್ ಪ್ಲಸ್, ಎಲ್‌ಜಿ ಟಿವಿಗಳಲ್ಲಿ ಸಿಂಪ್‌ಲಿಂಕ್, ಸೋನಿ ಟಿವಿಗಳಲ್ಲಿ ಬ್ರೇವಿಯಾ ಸಿಂಕ್ ಎಂಬ ಹೆಸರುಗಳಿವೆ. ಟಿವಿಯ ಸಂಯೋಜನೆಗಳಲ್ಲಿ ಇದನ್ನು ಸಕ್ರಿಯಗೊಳಿಸಬೇಕಾಗುತ್ತದೆ. ಕೋಡಿ ತಂಡದ ಕೋರೆ ಎಂಬ ಆಂಡ್ರಾಯ್ಡ್ ಆ್ಯಪ್ ಮೂಲಕ ಮೊಬೈಲನ್ನೂ ರಿಮೋಟ್ ಆಗಿ ಬಳಸಬಹುದು.

ಚಲನಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಇರುತ್ತವೆ. ಭಾರತದ ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯ ಮುದ್ರಣಗಳಲ್ಲಿ 25 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವ ಪರದೆಯಲ್ಲಿ ಈ ಸಂಖ್ಯೆಗಳು ಸಮವಾಗಿ ಭಾಗವಾಗುವುದಿಲ್ಲ. ಹೀಗಾಗಿ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಚಲಿಸುವ ದೃಶ್ಯಗಳಲ್ಲಿ ಚಿತ್ರ ಕುಲುಕಿದಂತೆ ತೋರುತ್ತದೆ. ಪರದೆಯ ನವೀಕರಣ ದರವನ್ನು ಕಡತಕ್ಕೆ ತಕ್ಕಂತೆ ಬದಲಿಸುವ ಆಯ್ಕೆಯನ್ನು ಕೋಡಿಯಲ್ಲಿ ಸಕ್ರಿಯಗೊಳಿಸಿದರೆ ಇದು ನಿವಾರಣೆಯಾಗುತ್ತದೆ. ಡಾಲ್ಬಿ ಅಥವಾ ಡಿಟಿಎಸ್ ಧ್ವನಿಯನ್ನು ಬಿಡಿಸಬಲ್ಲ ಆಂಪ್ಲಿಫೈಯರ್ ಇದ್ದರೆ, ಧ್ವನಿಯನ್ನು ಮೂಲರೂಪದಲ್ಲೇ ಅದಕ್ಕೆ ದಾಟಿಸುವ ಪಾಸ್‌ಥ್ರೂ ಆಯ್ಕೆಯೂ ಇದೆ.

ನೇರ ಪ್ರಸಾರ

ಡಿವಿಬಿ ಟ್ಯೂನರ್ ಮತ್ತು ಟಿವಿಹೆಡೆಂಡ್ ತಂತ್ರಾಂಶದ ನೆರವಿನಿಂದ ಪೈ ಫಲಕವು ವಾಹಿನಿಗಳನ್ನು ತೋರಿಸಬಲ್ಲುದು ಹಾಗೂ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳಬಲ್ಲುದು. 2018ರಲ್ಲಿ ಬಿಡುಗಡೆಯಾದ ಟಿವಿ ಹ್ಯಾಟ್ ಎಂಬ ಪೂರಕ ಫಲಕ ಭೂಮಂಡಲೀಯ ಪ್ರಸಾರಕ್ಕೆ ಸೀಮಿತ. ಡಿಡಿ ಫ್ರೀ ಡಿಶ್‌ನಂತಹ ಉಪಗ್ರಹ ಸೇವೆಯ ಗೂಢಲಿಪೀಕರಿಸದ ವಾಹಿನಿಗಳನ್ನು ಪಡೆಯಲು ಡಿಶ್ ಆಂಟೆನಾ ಮತ್ತು ಯುಎಸ್‌ಬಿ ಉಪಗ್ರಹ ಟ್ಯೂನರ್ ಬೇಕಾಗುತ್ತವೆ.

ನಿರ್ವಹಣೆ ಮತ್ತು ಸುರಕ್ಷತೆ

ಫಲಕವು ಕಾರ್ಡಿಗೆ ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಕಾರ್ಡಿನ ಕಡತ ವ್ಯವಸ್ಥೆ ಕೆಡಬಹುದು. ಗ್ರಂಥಾಲಯದ ಪಟ್ಟಿ, ನೋಡಿದ ಗುರುತುಗಳು, ಸಂಯೋಜನೆಗಳು ಎಲ್ಲವೂ ಆಗ ನಷ್ಟವಾಗುತ್ತವೆ. ಸ್ವಿಚ್ ಆರಿಸುವ ಮೊದಲು ಕೋಡಿಯ ಪರಿವಿಡಿಯಿಂದ ಯಂತ್ರವನ್ನು ಸ್ಥಗಿತಗೊಳಿಸಬೇಕು. ವಿದ್ಯುತ್ ಕಡಿತ ಪದೇ ಪದೇ ಆಗುವ ಕಡೆ ಫಲಕ ಮತ್ತು ಡಿಸ್ಕ್ ಎರಡನ್ನೂ ಯುಪಿಎಸ್‌ಗೆ ಜೋಡಿಸುವುದು ಉತ್ತಮ. ಲಿಬ್ರೆಇಲೆಕ್‌ನ ಸಂಯೋಜನಾ ವಿಭಾಗದಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಎಲ್ಲ ಸಂಯೋಜನೆಗಳ ಪ್ರತಿ ತೆಗೆದು ಬೇರೆಡೆ ಇಟ್ಟಿದ್ದರೆ, ಹೊಸ ಕಾರ್ಡಿನಲ್ಲಿ ಅವುಗಳನ್ನು ಮರಳಿ ಪಡೆಯಬಹುದು.

ಹೊರಗಿನಿಂದ ಸಂಗ್ರಹವನ್ನು ನೋಡಲೆಂದು ರೂಟರ್‌ನಲ್ಲಿ ಪೋರ್ಟ್ ತೆರೆದು ಕೋಡಿಯನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡುವುದು ಅಪಾಯಕರ. ಇದಕ್ಕೆ ವಿಪಿಎನ್ ಬಳಸುವುದು ಸೂಕ್ತ ಮಾರ್ಗ. ಅನಧಿಕೃತ ಮೂಲಗಳ ಆ್ಯಡ್‌ಆನ್‌ಗಳು ಬಳಕೆದಾರರ ಮನೆಯ ಜಾಲದೊಳಗೇ ಚಾಲನೆಗೊಳ್ಳುವ ಪೈಥಾನ್ ಕ್ರಮವಿಧಿಗಳಾದ್ದರಿಂದ ಅವೂ ಸುರಕ್ಷಿತವಲ್ಲ.

ಕಾನೂನು

ಕೋಡಿಯು ಯಾವುದೇ ಚಿತ್ರ ಅಥವಾ ವಾಹಿನಿಯನ್ನು ತನ್ನೊಂದಿಗೆ ಒದಗಿಸುವುದಿಲ್ಲ; ತಂತ್ರಾಂಶದ ಬಳಕೆ ಕಾನೂನುಬದ್ಧ. ಅನಧಿಕೃತ ಪ್ರಸಾರದ ಆ್ಯಡ್‌ಆನ್‌ಗಳನ್ನು ತುಂಬಿ ಮಾರುವ ಪೆಟ್ಟಿಗೆಗಳಿಂದ ಕೋಡಿ ತಂಡ ತನ್ನನ್ನು ಬಹಿರಂಗವಾಗಿ ದೂರವಿರಿಸಿಕೊಂಡಿದೆ. ಅಂತಹ ಉಪಕರಣದ ಮಾರಾಟವು ಹಕ್ಕುಸ್ವಾಮ್ಯದ ವ್ಯಾಪ್ತಿಗೆ ಬರುವ ಸಾರ್ವಜನಿಕ ಸಂವಹನವಾಗುತ್ತದೆ ಎಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2017ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು.

ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ವಿಧಿಯು ಖಾಸಗಿ ಅಥವಾ ವೈಯಕ್ತಿಕ ಉದ್ದೇಶದ ನ್ಯಾಯಯುತ ಬಳಕೆಗೆ ವಿನಾಯಿತಿ ನೀಡುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 65ಎ ವಿಧಿಯು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಸ್ಕ್ ಮುಂತಾದವುಗಳ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿದೆ. ಚಲನಚಿತ್ರದ ಹಕ್ಕುಸ್ವಾಮ್ಯವು ಅದು ಪ್ರಕಟವಾದ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ.

ಮಿತಿಗಳು ಮತ್ತು ಪರ್ಯಾಯಗಳು

ನೆಟ್‌ಫ್ಲಿಕ್ಸ್‌ನಂತಹ ಚಂದಾ ಸೇವೆಗಳು ಈ ವ್ಯವಸ್ಥೆಗೆ ಅಧಿಕೃತ ಆ್ಯಪ್ ಒದಗಿಸಿಲ್ಲ. ಅವುಗಳನ್ನೇ ಮುಖ್ಯವಾಗಿ ನೋಡುವವರಿಗೆ ಸ್ಮಾರ್ಟ್ ಟಿವಿ ಅಥವಾ ಆಂಡ್ರಾಯ್ಡ್ ಟಿವಿ ಪೆಟ್ಟಿಗೆ ಹೆಚ್ಚು ಅನುಕೂಲ. ಒಂದೇ ಸಂಗ್ರಹವನ್ನು ಮನೆಯ ಹಲವು ಟಿವಿ, ಮೊಬೈಲ್‌ಗಳಲ್ಲಿ ನೋಡಬೇಕಾದಲ್ಲಿ ಜೆಲ್ಲಿಫಿನ್ ಅಥವಾ ಪ್ಲೆಕ್ಸ್‌ನಂತಹ ಸರ್ವರ್ ತಂತ್ರಾಂಶಗಳನ್ನು ಬಳಸಲಾಗುತ್ತದೆ. ಇವುಗಳಲ್ಲಿ ಪ್ಲೆಕ್ಸ್ 2008ರಲ್ಲಿ ಎಕ್ಸ್‌ಬಿಎಂಸಿಯಿಂದಲೇ ಕವಲೊಡೆದದ್ದು. ನೋಡುವ ಸಾಧನಕ್ಕೆ ತಕ್ಕಂತೆ ದೃಶ್ಯವನ್ನು ಆ ಕ್ಷಣದಲ್ಲೇ ಬೇರೆ ಕೋಡೆಕ್‌ಗೆ ಪರಿವರ್ತಿಸುವ ಕೆಲಸ ಪೈಗೆ ಭಾರವಾಗುತ್ತದೆ. ಅಂತಹ ಸಂದರ್ಭದಲ್ಲಿ ಸರ್ವರ್ ಕೆಲಸವನ್ನು ಶಕ್ತಿಶಾಲಿ ಗಣಕಕ್ಕೆ ವಹಿಸಿ, ಟಿವಿಯ ಬಳಿ ಪೈ ಫಲಕವನ್ನು ಪ್ರದರ್ಶನಕ್ಕಷ್ಟೇ ಉಳಿಸಿಕೊಳ್ಳುವ ಏರ್ಪಾಡು ರೂಢಿಯಲ್ಲಿದೆ.